ಹತ್ತಡಿ ದೂರದಿಂದ ಮುಂಬೈ

ಬುಧವಾರ

ಮತ್ಸ್ಯಗಂಧ ರೈಲು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಮುಟ್ಟಿದಾಗ ನನ್ನ ನಿದ್ದೆಯ ಜೊಂಪು ಇನ್ನೂ ಇಳಿದಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಮಾವ ನಿಂತಿದ್ದರು. ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಕಂಕುಳಲ್ಲಿ ಮಡಚಿದ ಕನ್ನಡ ಪೇಪರು. ವಯಸ್ಸು ಅರವತ್ತೇಳಾದರೂ ನನ್ನ ಬ್ಯಾಗು ಕಸಿದುಕೊಂಡು ಮುಂದೆ ನಡೆದರು. ಕುತ್ತಿಗೆಯಲ್ಲಿದ್ದ ಕ್ಯಾಮೆರಾ ಕಂಡು ಕೇಳಿದ ಮೊದಲ ಪ್ರಶ್ನೆ: "ಇದೆಂತ ಮಾಣಿ, ಇದ್ರಗೆ ಇನ್ನೂ ರೀಲ್ ಹಾಕೂದಾ?"

ಹೌದು, ರೀಲ್ ಹಾಕುವುದೇ. ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ತಯಾರಾದ ಗಟ್ಟಿ ಪಿಂಡ. ಬೆಳಕು ಅಳೆಯುವ ಮುಳ್ಳಿಗೆ ಮಾತ್ರ ಒಂದು ಗುಂಡಿ ಬ್ಯಾಟರಿ, ಉಳಿದದ್ದೆಲ್ಲ ಸ್ಪ್ರಿಂಗು, ಹಲ್ಲುಚಕ್ರ. ಕುಂದಾಪುರದಲ್ಲಿ ಸ್ಟುಡಿಯೊ ಮುಚ್ಚಿದ ಒಬ್ಬರ ಕೈಯಿಂದ ಕೊಂಡದ್ದು. ಇಲ್ಲಿಯವರೆಗೆ ಅದರಲ್ಲಿ ಯಕ್ಷಗಾನ, ತೇರು, ಮಳೆ ಇಷ್ಟನ್ನೇ ಹೊಡೆದಿದ್ದೆ. ಕಾಲೇಜಿನ ಪರೀಕ್ಷೆ ಪೇಪರು ತಿದ್ದಿ ಮುಗಿಸಿ, ನಾಲ್ಕು ದಿನ ರಜೆ ಹಾಕಿ, ಮುಂಬೈ ಬೀದಿಯಲ್ಲಿ ಓಡಾಡುತ್ತೇನೆಂದು ಹೊರಟಾಗ ಹೆಂಡತಿ ಹೇಳಿದ್ದಳು, "ಅಲ್ಲಿ ಬೀದಿಯಲ್ಲಿ ನಿಲ್ಲಲಿಕ್ಕೆ ಜಾಗ ಸಿಕ್ಕಿದರೆ ತಾನೆ ಫೋಟೊ?"

ಮಾವನ ಮನೆ ಮಾಟುಂಗಾದ ಒಂದು ಹಳೆಯ ಚಾಳಿನಲ್ಲಿ. ಮುಂಬೈಯವರು 'ದಸ್ ಬೈ ದಸ್' ಅನ್ನುತ್ತಾರಲ್ಲ, ಹತ್ತಡಿಗೆ ಹತ್ತಡಿ, ಅಂಥ ಕೋಣೆ. ಮೂಲೆಯಲ್ಲಿ ಮೋರಿ ಅನ್ನುವ ತೊಳೆಯುವ ಜಾಗ, ಮೇಲೆ ಹಲಗೆಯ ಅಟ್ಟ, ಗೋಡೆಗೆ ಮಡಚಿ ಒರಗಿಸಿದ ಮಂಚ. ಇದರಲ್ಲೇ ಮಾವ, ಅತ್ತೆ ಮೂವರು ಮಕ್ಕಳನ್ನು ಬೆಳೆಸಿದ್ದಾರೆ. ಮಕ್ಕಳು ಈಗ ಡೊಂಬಿವಲಿ, ವಾಶಿಯ ಕಡೆ ಫ್ಲ್ಯಾಟು ಮಾಡಿದ್ದಾರೆ. ಇವರು ಬಿಟ್ಟು ಹೋಗಲೊಲ್ಲರು.

ಕೋಣೆಯ ಅಳತೆ ಕೇಳಿ ನನಗೊಂದು ಉಪಕಾರವಾಯಿತು. ಬೀದಿಯಲ್ಲಿ ಫೋಟೊ ಹೊಡೆಯುವವರು ಪ್ರತಿ ಸಲ ಲೆನ್ಸ್ ತಿರುಗಿಸುತ್ತ ಕೂರುವುದಿಲ್ಲ. ದೂರವನ್ನು ಮೊದಲೇ ಇಟ್ಟುಬಿಡುತ್ತಾರೆ. ನನ್ನದು 35 ಎಂಎಂ ಲೆನ್ಸ್. ಬೆಳಕು ಒಳಬಿಡುವ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಎಂಟಕ್ಕಿಟ್ಟು, ಫೋಕಸನ್ನು ಮೂರು ಮೀಟರಿಗೆ ನಿಲ್ಲಿಸಿದರೆ, ಸುಮಾರು ಎರಡು ಮೀಟರಿನಿಂದ ಏಳು ಮೀಟರಿನವರೆಗೆ ಇರುವುದೆಲ್ಲ ಸ್ಪಷ್ಟವಾಗಿ ಮೂಡುತ್ತದೆ. ಆದರೆ ಮೂರು ಮೀಟರ್ ಎಂದರೆ ಎಷ್ಟು ಅಂತ ಕಣ್ಣಿಗೆ ಗೊತ್ತಿರಬೇಕಲ್ಲ? ಹತ್ತಡಿ ಅಂದರೆ ಅದೇ. ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಎದುರು ಗೋಡೆಯ ಕ್ಯಾಲೆಂಡರನ್ನು ನೋಡಿ ನೋಡಿ ಕಣ್ಣಿಗೆ ಬಾಯಿಪಾಠ ಮಾಡಿಸಿದೆ. ಅತ್ತೆ ಚಾ ಸೋಸುತ್ತಾ, "ಅದ್ರಗೆ ಎಂತ ಕಾಂಬುಕಿತ್ತ್? ಹೋದ ತಿಂಗ್ಳಿಂದ್ ಮಗಚ್ಲಿಲ್ಲ" ಅಂದರು.

ಮಧ್ಯಾಹ್ನ ಊಟಕ್ಕೆ ಮಾಟುಂಗಾ ಸ್ಟೇಷನ್ ಪಕ್ಕದ ರಾಮಾ ನಾಯಕರ ಬೋರ್ಡಿಂಗು. 1942ರಿಂದ ನಡೆಯುತ್ತಿರುವುದು, ಈಗಲೂ ಬಾಳೆಲೆ ಹಾಕುತ್ತಾರೆ. ಉಣ್ಣುತ್ತ ಮಾವ ತಮ್ಮ ಕತೆ ಬಿಚ್ಚಿದರು. 1971ರಲ್ಲಿ ಹದಿಮೂರರ ಹುಡುಗ ಮುಂಬೈಯ ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿಗೆ ಮಾಣಿಯಾಗಿ ಸೇರಿದ್ದು. ಹಗಲು ಲೋಟ ತೊಳೆಯುವುದು, ಸಂಜೆ ಕನ್ನಡ ರಾತ್ರಿಶಾಲೆ, ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಎರಡು ಮೇಜು ಜೋಡಿಸಿ ಅದರ ಮೇಲೆ ನಿದ್ದೆ. "ಮೇಜ್ ಸಿಕ್ದವ ಪುಣ್ಯವಂತ. ಹೊಸಬ್ರಿಗೆ ನೆಲ. ನಂಗ್ ಮೇಜ್ ಸಿಕ್ಕೂಕೆ ಎಂಟ್ ತಿಂಗ್ಳ್ ಹಿಡೀತ್." ನಮ್ಮ ಕಡೆ ಹುಡುಗರನ್ನೆಲ್ಲ ಮಾಣಿ ಅಂತಲೇ ಕರೆಯುವುದು. ಹೋಟೆಲಿನಲ್ಲಿ ತಿಂಡಿ ತಂದುಕೊಡುವವನೂ ಮಾಣಿಯೇ. ಮಾವ ನನ್ನನ್ನು ಮಾಣಿ ಅಂದಾಗ ಎರಡರಲ್ಲಿ ಯಾವುದು ಅಂತ ಆಮೇಲಾಮೇಲೆ ನನಗೇ ಅನುಮಾನ ಬರತೊಡಗಿತು. ನಾಲ್ಕು ದಿನವೂ ನನ್ನ ಕೈಲಿ ಚೀಲ ಹೊರಿಸಿದರು.

ಸಂಜೆ ಮಾರ್ಕೆಟ್ಟಿಗೆ ಹೋದೆವು. 1926ರಲ್ಲಿ ಶುರುವಾದ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ನಿನ ಕಟ್ಟಡವನ್ನು ಮಾವ ಬೆರಳು ಮಾಡಿ ತೋರಿಸಿದರು, ಒಳಗೆ ಹೋಗಲಿಲ್ಲ. ಹೂವಿನ ಸಾಲಿನಲ್ಲಿ ಒಬ್ಬಾಕೆಯ ಕೈ ನನ್ನನ್ನು ಹಿಡಿದು ನಿಲ್ಲಿಸಿತು. ಎರಡು ಮಲ್ಲಿಗೆ ಆಚೆ, ಎರಡು ಈಚೆ, ದಾರ ಒಂದು ಸುತ್ತು, ಬೆರಳಿನಲ್ಲೇ ಕುಣಿಕೆ ಮಾಡಿ ತೊಟ್ಟಿಗೆ ತೂರಿಸಿ ಒಂದು ಜಗ್ಗು. ಕಣ್ಣು ಮಾತ್ರ ರಸ್ತೆಯ ಮೇಲೆ. ನಾನು ಹತ್ತಡಿಯಲ್ಲಿ ನಿಂತು ಹೊಡೆದೆ, ಐದಡಿಗೆ ಬಂದೆ, ಮಂಡಿಯೂರಿ ಮತ್ತೆರಡು ಹೊಡೆದೆ. ಆಕೆ ತಮಿಳು ಬೆರೆತ ಹಿಂದಿಯಲ್ಲಿ ಹೇಳಿದಳು: ನೀನು ಕೂತಿರುವ ಜಾಗ ನನ್ನ ಗಿರಾಕಿಗಳದ್ದು. ತಿರುಗಿ ನೋಡಿದರೆ ನನ್ನ ಬೆನ್ನ ಹಿಂದೆ ಇಬ್ಬರು ಹೆಂಗಸರು ಪರ್ಸು ಹಿಡಿದು ಕಾಯುತ್ತಿದ್ದರು. ಮಾವ ಮಾತಿಲ್ಲದೆ ಎರಡು ಮೊಳ ಕೊಂಡು ಅತ್ತೆಗೆ ಒಯ್ದರು.

ಗುರುವಾರ

ನಾಲ್ಕೂವರೆಯ ಲೋಕಲ್ ಹಿಡಿದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ (ಸಿಎಸ್‌ಎಂಟಿ), ಅಲ್ಲಿಂದ ಟ್ಯಾಕ್ಸಿಯಲ್ಲಿ ಕೊಲಾಬಾದ ಸಸೂನ್ ಡಾಕ್. ಈ ಧಕ್ಕೆ 1875ರದ್ದು. ಗಂಗೊಳ್ಳಿ, ಮಲ್ಪೆ ಕಂಡವನಿಗೆ ಮೀನಿನ ಧಕ್ಕೆ ಹೊಸತಲ್ಲ, ವಾಸನೆಯೂ ಹೊಸತಲ್ಲ. ಆದರೂ ಇಲ್ಲಿನ ಗಡಿಬಿಡಿ ಬೇರೆ. ದೋಣಿಯಿಂದ ಬುಟ್ಟಿ ಮೇಲಕ್ಕೆ ಹಾರುತ್ತದೆ, ನೆಲಕ್ಕೆ ಬೀಳುವ ಮೊದಲೇ ಒಬ್ಬ ಹಿಡಿಯುತ್ತಾನೆ, ಬಂಗುಡೆಯ ರಾಶಿಯ ಸುತ್ತ ಕೋಳಿ ಎಂಬ ಮೀನುಗಾರ ಸಮುದಾಯದ ಹೆಂಗಸರು ಸೀರೆಯ ಕಚ್ಚೆ ಬಿಗಿದು ನಿಂತು ಹರಾಜು ಕೂಗುತ್ತಾರೆ. ನಮ್ಮ ಅಂಜಲಿಗೆ ಇಲ್ಲಿ ಸುರ್ಮಾಯಿ ಅಂತ ಹೆಸರು, ಬೆಲೆಯೂ ಹೆಸರಿಗೆ ತಕ್ಕ ಹಾಗೆ ಏರಿದೆ.

ಬಾಗಿಲಲ್ಲಿದ್ದವರನ್ನು ಕೇಳಿ, ಅವರು ತಲೆಯಾಡಿಸಿದ ಮೇಲೆಯೇ ಕ್ಯಾಮೆರಾ ತೆಗೆದೆ. ಇಲ್ಲಿ ಕೇಳದೆ ತೆಗೆದರೆ ತಕರಾರು. ಬೆಳಕು ಕಡಿಮೆ. ಮಂದ ಬೆಳಕಿಗೂ ಒಗ್ಗುವ 400ರ ರೀಲು, ಲೆನ್ಸ್ ಪೂರ್ತಿ ತೆರೆದು, ಶಟರ್ ಮೂವತ್ತನೇ ಒಂದು ಸೆಕೆಂಡಿಗೆ. ಹತ್ತಡಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಷ್ಟು ತೆರೆದ ಲೆನ್ಸಿನಲ್ಲಿ ಒಂದು ಗೇಣು ಆಚೀಚೆಯಾದರೂ ಮುಖ ಮಸುಕು. ಕೈ ನಡುಗದ ಹಾಗೆ ಉಸಿರು ಬಿಗಿಹಿಡಿದು ಕಂಬಕ್ಕೆ ಒರಗಿ ನಿಂತೆ. ಬಲ್ಬಿನ ಬುಡದಲ್ಲಿ ಒಬ್ಬ ಮುದುಕಿ ಸಿಗಡಿ ಸುಲಿಯುತ್ತಿದ್ದಳು. ಬಲಗೈ ಹೆಬ್ಬೆರಳಲ್ಲಿ ತಲೆ ಮುರಿದು, ಒಂದೇ ಎಳೆತಕ್ಕೆ ಸಿಪ್ಪೆ ಕಳಚಿ, ಸಿಗಡಿ ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ. ಮಂಜುಗಡ್ಡೆಯ ಹಬೆ ಅವಳ ಮೊಣಕೈ ತನಕ ಏರುತ್ತಿತ್ತು. ಇಂಥ ಹೊತ್ತಿಗೆ ಎಲ್ಲರ ಬಾಯಲ್ಲೂ ಬರುವ ಮಾತು 'ನಿರ್ಣಾಯಕ ಕ್ಷಣ'. ಫ್ರಾನ್ಸಿನ ಛಾಯಾಗ್ರಾಹಕ ಹೆನ್ರಿ ಕಾರ್ತಿಯೆ-ಬ್ರೆಸೋನ್ ಹೆಸರಿಗೆ ಅಂಟಿಕೊಂಡ ಮಾತು ಅದು. ನಾನೂ ಆ ಕ್ಷಣಕ್ಕೆ ಹೊಂಚುತ್ತಾ ಒಂದು ಹೆಜ್ಜೆ ಮುಂದಿಟ್ಟೆ.

"ಬಾಜೂಲಾ ಹೋ ರೇ!"

ತಲೆಯ ಮೇಲೆ ನೀರು ಸುರಿಯುವ ಬುಟ್ಟಿ ಹೊತ್ತ ಹೆಂಗಸು ನನ್ನನ್ನು ಮೊಣಕೈಯಲ್ಲೇ ಪಕ್ಕಕ್ಕೆ ತಳ್ಳಿ ಹೋದಳು. ಅಂಗಿಯ ತುಂಬಾ ಮೀನಿನ ನೀರು. ಕೋಪ ಬರಬೇಕಿತ್ತು, ಬರಲಿಲ್ಲ. ಅವಳು ದಿನಾ ನಡೆಯುವ ದಾರಿಯಲ್ಲಿ ಹೋಗಿ ಅಡ್ಡ ನಿಂತವನು ನಾನು. ಕಂಬದ ಮರೆಗೆ, ಎರಡು ಖಾಲಿ ಕ್ರೇಟುಗಳ ನಡುವೆ ಸೇರಿಕೊಂಡೆ. ಅಲ್ಲಿಂದ ಯಾರಿಗೂ ಅಡ್ಡಿಯಿಲ್ಲ. ಐದು ನಿಮಿಷಕ್ಕೆ ಎಲ್ಲರೂ ನನ್ನನ್ನು ಮರೆತರು. ಆ ಮೇಲಿನ ಒಂದು ತಾಸು ಸಿಕ್ಕಿದ ಹಾಗೆ ಫೋಟೊ ನನಗೆ ಎಂದೂ ಸಿಕ್ಕಿಲ್ಲ. ಎರಡು ಬುಟ್ಟಿಗಳ ನಡುವಿನ ಸಂದಿನಲ್ಲಿ ಒಂದು ಮುಖ, ಹರಾಜಿನವಳ ಎತ್ತಿದ ಬೆರಳಿನ ಹಿಂದೆ ಬೆಳಗಾಗುತ್ತಿರುವ ಆಕಾಶ. ಮುದುಕಿ ಕೂಡ ಒಮ್ಮೆ ತಲೆಯೆತ್ತಿ ನಕ್ಕಳು, "ದಾಖವ್" ಅಂದಳು. ತೋರಿಸಲು ಏನಿದೆ? ಕ್ಯಾಮೆರಾದ ಬೆನ್ನು ತಿರುಗಿಸಿ ಬರೀ ಕಪ್ಪು ಮುಚ್ಚಳ ತೋರಿಸಿದೆ. ಇದೆಂಥ ಕ್ಯಾಮೆರಾ ಅನ್ನುವ ಹಾಗೆ ಪಕ್ಕದವಳ ಮುಖ ನೋಡಿದಳು.

ಹನ್ನೊಂದೂವರೆಗೆ ಚರ್ಚ್‌ಗೇಟ್. ಮನೆಯೂಟದ ಡಬ್ಬಿಯನ್ನು ಆಫೀಸಿಗೆ ಮುಟ್ಟಿಸುವ ಡಬ್ಬಾವಾಲಾಗಳು ಲೋಕಲಿನಿಂದ ಇಳಿಯುವ ಹೊತ್ತು. 1890ರಿಂದ ನಡೆದು ಬಂದ ಕಸುಬು. ಕೊರೋನಾ ನಂತರ ಅವರ ಸಂಖ್ಯೆ ಇಳಿದಿದೆ, ಆದರೂ ಆ ಉದ್ದನೆಯ ಮರದ ತಟ್ಟೆಯಲ್ಲಿ ಮೂವತ್ತು-ನಲವತ್ತು ಡಬ್ಬಿ ಹೇರಿಕೊಂಡು ಬಿಳಿ ಟೋಪಿಯವರು ಗುಂಪನ್ನು ಸೀಳಿಕೊಂಡು ಬರುವುದು ಈಗಲೂ ಕಾಣಲು ಸಿಗುತ್ತದೆ. ಈ ಸಲ ಯಾರೂ ಹೇಳುವ ಮೊದಲೇ ಗೋಡೆ ಹಿಡಿದು ನಿಂತೆ. ಬಣ್ಣದಲ್ಲಿ ಬರೆದ ಡಬ್ಬಿಯ ಗುರುತುಗಳನ್ನು ಹತ್ತಿರದಿಂದ ಹೊಡೆಯಬೇಕೆಂದು ರೀಲನ್ನು ಮುಂದೆ ಸರಿಸುವ ಲಿವರ್ ಎಳೆದೆ. ಎಳೆಯಿತು. ಇನ್ನೊಂದು. ಅದೂ ಎಳೆಯಿತು. ಎಣಿಕೆಯ ಮುಳ್ಳು ನೋಡಿದರೆ ಮೂವತ್ತಾರು ದಾಟಿದೆ!

ರೀಲಿನಲ್ಲಿ ಇರುವುದೇ ಮೂವತ್ತಾರು ಫ್ರೇಮು. ಮುಗಿದ ಮೇಲೆ ಲಿವರ್ ಗಟ್ಟಿಯಾಗಿ ನಿಲ್ಲಬೇಕು. ಹೊಟ್ಟೆಯಲ್ಲಿ ತಣ್ಣಗೆ ಏನೋ ಹರಿದಾಡಿತು. ಎಡಬದಿಯ, ರೀಲನ್ನು ಹಿಂದಕ್ಕೆ ಸುತ್ತುವ ಗುಬುಟನ್ನು ಮೆಲ್ಲಗೆ ತಿರುಗಿಸಿದೆ, ತಡೆಯೇ ಇಲ್ಲದೆ ತಿರುಗಿತು. ಬುಧವಾರ ಬೆಳಿಗ್ಗೆ ಮಾವನ ಕೋಣೆಯಲ್ಲಿ, ಬಾಗಿಲ ಬಳಿ ಚಾ ಕುಡಿಯುವ ಅವಸರದಲ್ಲಿ ಹಾಕಿದ ರೀಲಿನ ನಾಲಿಗೆ ಸುರುಳಿಗೆ ಸಿಕ್ಕೇ ಇರಲಿಲ್ಲ. ಹೂವಿನಾಕೆಯ ಬೆರಳು, ಸಿಗಡಿಯ ಮುದುಕಿ, ಆಕಾಶ, ಯಾವುದೂ ಇಲ್ಲ. ಎರಡು ದಿನ ನಾನು ಖಾಲಿ ಡಬ್ಬಿಯನ್ನು ಕ್ಲಿಕ್ಕಿಸಿದ್ದೆ.

ರಾತ್ರಿ ಅನ್ನ ಸೇರಲಿಲ್ಲ. ಮಾವನಿಗೆ ವಿಷಯ ಬಿಡಿಸಿ ಹೇಳಿದೆ. ಅವರು ಮಜ್ಜಿಗೆ ಕಲಸುತ್ತಾ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು, "ಹಾಂಗಾರೆ ರೀಲ್ ಹಾಳಾಯ್ಲಿಲ್ಲ ಅಲ್ದಾ? ಹಾಂಗೇ ಇತ್ತಲೆ?"

ಅದೂ ನಿಜವೇ. ಸಾವಿರದ ಹತ್ತಿರ ಕೊಟ್ಟ ರೀಲು ಹಾಗೇ ಉಳಿದಿತ್ತು. ನಾನು ನಕ್ಕುಬಿಟ್ಟೆ. ಅತ್ತೆ ಇನ್ನೊಂದು ಸೌಟು ಅನ್ನ ಹಾಕಿದರು.

ಶುಕ್ರವಾರ

ಬೆಳಿಗ್ಗೆ ಬೋರಾ ಬಜಾರು. ಸಿಎಸ್‌ಎಂಟಿ ಎದುರಿನ ಫೋರ್ಟಿನ ಗಲ್ಲಿ, ಕ್ಯಾಮೆರಾದವರ ಬೀಡು. ಇನ್ನೊಂದು ರೀಲು ಕೊಂಡೆ. ಅಂಗಡಿಯ ಹಿರಿಯರಿಗೆ ನನ್ನ ಕತೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಎಡಗಡೆ ಗುಬುಟಿನ ಮೇಲೆ ಬೆರಳಿಟ್ಟು ಹಿಂದಿಯಲ್ಲಿ ಹೇಳಿದರು: ಬಲಗೈ ಲಿವರ್ ಎಳೆಯುವಾಗ ಎಡಗಡೆ ಇದು ತಿರುಗಬೇಕು. ಇದು ತಿರುಗಿದರೆ ಮಾತ್ರ ಒಳಗೆ ಕೆಲಸ ನಡೆಯುತ್ತಿದೆ. ಎಣಿಕೆಯ ಮುಳ್ಳನ್ನು ನಂಬಬೇಡ, ಅದು ನೀನು ಎಷ್ಟು ಸಲ ಎಳೆದೆ ಅನ್ನುವುದನ್ನಷ್ಟೇ ಎಣಿಸುತ್ತದೆ. ಹಳೆಯ ರೀಲನ್ನು ತಾವೇ ಹಾಕಿ, ಎರಡು ಸಲ ಎಳೆದು, ಗುಬುಟು ತಿರುಗುವುದನ್ನು ತೋರಿಸಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಸಿಎಸ್‌ಎಂಟಿಯ ಆ ಪಕ್ಕದಲ್ಲೇ ಜೆ.ಜೆ. ಕಲಾಶಾಲೆ. ಹೋಮಾಯಿ ವ್ಯಾರಾವಾಲಾ ಓದಿದ್ದು ಇಲ್ಲಿ. 1913ರಲ್ಲಿ ನವಸಾರಿಯಲ್ಲಿ ಹುಟ್ಟಿದ, ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಶುರುವಿನಲ್ಲಿ ಆಕೆ ಹೊಡೆದ ಮುಂಬೈಯ ದಿನನಿತ್ಯದ ಚಿತ್ರಗಳು ಅಚ್ಚಾಗಿದ್ದು ಗಂಡ ಮಾಣೆಕ್‌ಶಾ ಹೆಸರಿನಲ್ಲಿ. ಪದ್ಮವಿಭೂಷಣ ಬಂದದ್ದು 2011ರಲ್ಲಿ, ಕಸುಬು ಬಿಟ್ಟು ನಲವತ್ತು ವರ್ಷವಾದ ಮೇಲೆ. ಕಾಂಪೌಂಡಿನ ಹೊರಗೆ ನಿಂತು ಯೋಚಿಸಿದೆ: ಖಾಲಿ ಹೋದ ನನ್ನ ಮೂವತ್ತಾರಕ್ಕೆ ನಾನು ಊಟ ಬಿಟ್ಟಿದ್ದೆ. ತನ್ನ ಚಿತ್ರದ ಕೆಳಗೆ ತನ್ನ ಹೆಸರಿಗೇ ಜಾಗ ಇಲ್ಲದ ವರ್ಷಗಳನ್ನು ಆಕೆ ಹೇಗೆ ಕಳೆದಿರಬೇಕು?

ಗಲ್ಲಿಯ ನೆರಳಿನಲ್ಲಿ ಮತ್ತೆ ಹತ್ತಡಿಯ ಲೆಕ್ಕ. ಟೈಪು ಹೊಡೆಯುವವರು, ಕಬ್ಬಿನ ಹಾಲಿನವರು, ಫುಟ್‌ಪಾತಿನಲ್ಲಿ ಗಡ್ಡ ಹೆರೆಸಿಕೊಳ್ಳುವವರು. ಎಲ್ಲರೂ ಮಾವನ ಕ್ಯಾಲೆಂಡರಿನಷ್ಟು ದೂರ. ಒಂದು ಮಾತು ಹೇಳಿಬಿಡುತ್ತೇನೆ: ಫುಟ್‌ಪಾತಿನಲ್ಲಿ ಮಲಗಿದವನ ಫೋಟೊ ಹೊಡೆದು, ಕೆಳಗೆ ಬದುಕಿನ ಪಾಠ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಎರಡು ಮೇಜಿನ ಮೇಲೆ ಮಲಗಿದ ಹದಿಮೂರರ ಹುಡುಗನನ್ನು ಯಾರಾದರೂ ಹಾಗೆ ಹೊಡೆದಿದ್ದರೆ? ನಿದ್ದೆ ಮಾಡುವವನ ಒಪ್ಪಿಗೆ ಕೇಳುವುದು ಹೇಗೆ? ಹಾಗಾಗಿ ಮಲಗಿದವರನ್ನು ಬಿಟ್ಟೆ. ಮಹಾಲಕ್ಷ್ಮಿಯ ಧೋಬಿ ಘಾಟನ್ನೂ ಇದೇ ಕಾರಣಕ್ಕೆ ಪಟ್ಟಿಯಿಂದ ತೆಗೆದೆ. ಸೇತುವೆಯ ಮೇಲೆ ನಿಂತು ಕೆಳಗೆ ಬಟ್ಟೆ ಒಗೆಯುವವರ ನೆತ್ತಿ ಹೊಡೆಯುವುದರಲ್ಲಿ ನನಗೆ ಸೊಗಸು ಕಾಣಲಿಲ್ಲ.

ಮಧ್ಯಾಹ್ನದ ಮೇಲೆ ಗೇಟ್‌ವೇ ಆಫ್ ಇಂಡಿಯಾ. 1924ರಲ್ಲಿ ಮುಗಿದ ಕಮಾನು, ಅದರ ಮುಂದೆ ಕುತ್ತಿಗೆಗೆ ಕ್ಯಾಮೆರಾ, ಹೆಗಲಿಗೆ ಪ್ರಿಂಟರಿನ ಚೀಲ, ಕೈಯಲ್ಲಿ ಮಾದರಿ ಆಲ್ಬಮ್ ಹಿಡಿದ ಫೋಟೊದವರು. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವ ಕಾಲದಲ್ಲಿ ಇವರು ಹೊಟ್ಟೆ ಹೊರೆಯುವುದು ಹೇಗೆಂದು ನೋಡುತ್ತಾ ನಿಂತೆ. ಅಷ್ಟರಲ್ಲಿ ಹಿಂದಿನಿಂದ ಕನ್ನಡ ಕೇಳಿಸಿತು. ಕಲಬುರಗಿ ಕಡೆಯ ಕುಟುಂಬ. ಅಜ್ಜಿ, ಮಗ, ಸೊಸೆ, ಇಬ್ಬರು ಹುಡುಗರು. ಹುಡುಗರ ಜೊತೆ ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, ಅಜ್ಜಿ ನನ್ನ ತೋಳು ಹಿಡಿದರು.

"ಏ ತಮ್ಮಾ, ನಮ್ಮ ಕಡೆಯವನs ಅದೀ. ನಮ್ಮದೊಂದು ಫೋಟೊ ತಗಿ."

ಉಬ್ಬಿಹೋದೆ. ಐವರನ್ನೂ ಸಾಲಾಗಿ ನಿಲ್ಲಿಸಿ, ಬೆಳಕು ಅಳೆದು, ಹಿಂದೆ ಹಿಂದೆ ಸರಿಯುತ್ತಿದ್ದಾಗ ಒಬ್ಬ ಫೋಟೊದವನು ಬಂದು ನಿಂತ. ಜಗಳದ ದನಿಯಲ್ಲ, ಸುಸ್ತಾದ ದನಿ. ಸಾಹೇಬರೆ, ಬೆಳಗಿಂದ ಇವರು ನನ್ನ ಮೂರನೇ ಗಿರಾಕಿ, ರೇಟು ಮಾತಾಡಿ ಕರೆತಂದವನು ನಾನು. ನಿಮ್ಮ ಫೋಟೊ ಇವರ ಕೈಗೆ ಯಾವಾಗ ಸಿಗುತ್ತದೆ?

ಉತ್ತರ ನನ್ನಲ್ಲಿರಲಿಲ್ಲ. ರೀಲು ಊರಿಗೆ ಹೋಗಬೇಕು, ತೊಳೆಸಬೇಕು, ಅವರ ವಿಳಾಸ ಬೇಕು. ಅವನ ಚೀಲದಲ್ಲಿದ್ದ ಪ್ರಿಂಟರು ಎರಡು ನಿಮಿಷದಲ್ಲಿ ಅಜ್ಜಿಯ ಕೈಗೆ ಫೋಟೊ ಕೊಡುತ್ತದೆ. "ಅಜ್ಜೀ, ಇವ್ರೇ ಹೊಡೀಲಿ. ಕೂಡ್ಲೇ ಕೈಗೆ ಸಿಗುತ್ತೆ" ಅಂದು ಪಕ್ಕಕ್ಕೆ ಸರಿದೆ. ಅಜ್ಜಿಗೆ ಸ್ವಲ್ಪ ಬೇಜಾರಾಯಿತು.

ಅವನ ಕೆಲಸ ನೋಡಿದ ಮೇಲೆ ನನ್ನ ಬಿಂಕ ಪೂರಾ ಇಳಿಯಿತು. ನಾನು ಎಲ್ಲರನ್ನೂ ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದ್ದೆ, ಅಜ್ಜಿಯ ಕಣ್ಣು ಮುಚ್ಚಿಹೋಗಿತ್ತು. ಅವನು ಅವರನ್ನು ನಾಲ್ಕು ಹೆಜ್ಜೆ ಎಡಕ್ಕೆ ತಂದು, ಅಜ್ಜಿಯನ್ನು ಮೆಟ್ಟಿಲ ಮೇಲೆ ಕೂರಿಸಿ, ಸೆರಗು ಸರಿಮಾಡಿಕೊಳ್ಳಲು ಹೇಳಿ, ತಾನು ನೆಲಕ್ಕೆ ಬಗ್ಗಿದ. ಕಮಾನೂ ಬಂತು, ತಾಜ್ ಹೋಟೆಲಿನ ಗುಮ್ಮಟವೂ ಬಂತು, ಅಜ್ಜಿಯ ಮುಖದ ಮೇಲೆ ಮೆದು ಬೆಳಕು. ಅವನಿಗೆ ಆ ಅಂಗಳದ ಒಂದೊಂದು ಕಲ್ಲೂ ಗೊತ್ತು. ಬೆಚ್ಚಗಿನ ಪ್ರಿಂಟನ್ನು ಅಜ್ಜಿ ಎರಡೂ ಕೈಯಲ್ಲಿ ಹಿಡಿದು ದೂರ ಮಾಡಿ ನೋಡಿ, "ನಾ ಭಾಳ ಮುದುಕಿ ಆಗೇನಲ್ಲೋ" ಅಂದರು. ಆ ಕೈ, ಆ ಪ್ರಿಂಟು, ಹಿಂದೆ ದುಡ್ಡು ಎಣಿಸುವ ಫೋಟೊದವನು. ಅವನ ಕಡೆ ನೋಡಿ ಕ್ಯಾಮೆರಾ ಎತ್ತಿ ಹುಬ್ಬು ಹಾರಿಸಿದೆ. ತಲೆಯಾಡಿಸಿದ. ಲಿವರ್ ಎಳೆದೆ, ಗುಬುಟು ನೋಡಿದೆ. ತಿರುಗಿತು.

ಶನಿವಾರ

ಮಾವ ಫೋರ್ಟಿನ ತಮ್ಮ ಹಳೆಯ ಹೋಟೆಲಿಗೆ ಕರೆದೊಯ್ದರು. ಯಜಮಾನರು ಬದಲಾಗಿದ್ದಾರೆ, ಮೇಜಿಗೆ ಗ್ರಾನೈಟು ಬಂದಿದೆ. ನಮ್ಮೂರಿನ ಮಾಣಿಗಳು ಒಬ್ಬರೂ ಇಲ್ಲ. ಇಡ್ಲಿ ತಂದಿಟ್ಟ ಹುಡುಗ ಒಡಿಶಾದವನು. ಮಾವ ಅವನನ್ನು ಮಾಣಿ ಅಂತಲೇ ಕರೆದರು, ಅವನು ತಿರುಗಿಯೂ ನೋಡಿದ.

ನಾವು ಕೂತದ್ದು ಮೂಲೆಯ ಮೇಜು. "ಇಲ್ಲೇ" ಅಂದರು ಮಾವ. ಬೆರಳಿನಲ್ಲಿ ಗ್ರಾನೈಟಿನ ಮೇಲೆ ಗೆರೆ ಎಳೆದು, ತಲೆ ಈ ಕಡೆ, ಕಾಲು ಆ ಕಡೆ, ಅಂತ ತೋರಿಸಿದರು. ಕಾಲು ಮೇಜಿನಿಂದ ಹೊರಗೆ ಬರುತ್ತಿತ್ತಂತೆ, ಅದಕ್ಕೆ ಮಡಚಿಕೊಂಡು ಮಲಗುವುದು. ಈಗಲೂ ಅವರು ಮಡಚಿಕೊಂಡೇ ಮಲಗುತ್ತಾರೆ, ನಾನು ಮೂರು ರಾತ್ರಿ ನೋಡಿದ್ದೇನೆ. ನಿನ್ನೆ ಬೀದಿಯಲ್ಲಿ ಹೊಡೆದ ಯಾವ ಫೋಟೊವೂ ಇಷ್ಟು ಬೇಕು ಅನ್ನಿಸಿರಲಿಲ್ಲ. ಕ್ಯಾಮೆರಾ ಎತ್ತುವಷ್ಟರಲ್ಲಿ ಮಾವ ಕಾಫಿಯ ಕೊನೆಯ ಗುಟುಕು ಹಾಕಿ ಎದ್ದು ನಿಂತಿದ್ದರು. ಅವರ ಕುರ್ಚಿಯ ಹಿಂದೆ ಒಬ್ಬ ಆಫೀಸಿನವನು ಕಾಯುತ್ತಿದ್ದ.

"ಮಾವ, ಒಂದ್ ನಿಮಿಷ ಕೂತ್ಕೊಳ್ಳಿ."

"ತಿಂಡಿ ಆಯ್ತಲೆ ಮಾಣಿ. ಅವ್ರ್ ಕೂತ್ಕಂಬ್ಲಿ."

ಲೋಕಲಿನಲ್ಲೂ ಅದೇ. ಮೂವರು ಕೂರುವ ಬೆಂಚು, ನಾಲ್ಕನೆಯವನು ಬಂದು ನಿಂತರೆ ಅವನು ಕೇಳುವ ಮೊದಲೇ ಮೂವರೂ ಸರಿಯುತ್ತಾರೆ. ಅವನಿಗೆ ಅರ್ಧ ತೊಡೆಯಷ್ಟು ಜಾಗ. ಮಾವ ಆ ಅರ್ಧ ತೊಡೆಯಲ್ಲಿ ಕೂತು ಪೇಪರನ್ನು ಎಂಟು ಮಡಿಕೆ ಮಾಡಿ ಓದುತ್ತಾ ಬಂದರು, ಒಂದು ಹಾಳೆಯೂ ಪಕ್ಕದವನಿಗೆ ತಾಗಲಿಲ್ಲ. ಎದುರು ನಿಂತು ಎರಡು ಹೊಡೆದೆ. ಹತ್ತಡಿ ಅಲ್ಲ, ಮೂರಡಿ. ಮಸುಕಾಗಿದ್ದರೂ ಆಗಿರಬಹುದು.

ಮೂರೂ ಇಪ್ಪತ್ತರ ರೈಲಿಗೆ ಮತ್ತೆ ಕುರ್ಲಾ. ಅತ್ತೆ ಬುತ್ತಿಯಲ್ಲಿ ಚಪಾತಿ, ನಿಂಬೆ ಉಪ್ಪಿನಕಾಯಿ ಕಟ್ಟಿದ್ದರು. ರೀಲಿನಲ್ಲಿ ಒಂದೇ ಫ್ರೇಮು ಉಳಿದಿತ್ತು. ನಾನು ಬಾಗಿಲಲ್ಲಿ ನಿಂತು, ಮಾವನನ್ನು ಪ್ಲಾಟ್‌ಫಾರ್ಮಿನ ಕಂಬದ ಬಳಿ ನಿಲ್ಲಿಸಿದೆ. ಹತ್ತಡಿ, ಅಳತೆ ಹಿಡಿದ ಹಾಗೆ. ಅವರು ಅಂಗಿಯ ಜೇಬು ಸರಿಮಾಡಿಕೊಂಡು, ಸ್ಟುಡಿಯೊದಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತರು. ಗಾಡಿ ಅಲ್ಲಾಡಿತು. ಶಟರ್ ಒತ್ತುವುದಕ್ಕೂ, ಎರಡು ಸೂಟ್‌ಕೇಸ್ ತಲೆಯ ಮೇಲಿಟ್ಟ ಹಮಾಲ ಓಡಿ ಬರುವುದಕ್ಕೂ, ಮಾವ ಅವನಿಗೆ ದಾರಿ ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಸರಿಯುವುದಕ್ಕೂ ಸರಿಯಾಯಿತು. ಫ್ರೇಮಿನಲ್ಲಿ ಏನು ಬಂದಿದೆಯೋ, ಬಹುಶಃ ಕಂಬ, ಅರ್ಧ ಬಿಳಿ ಅಂಗಿ, ಕಂಕುಳಿನ ಪೇಪರು.

ಗಾಡಿ ಠಾಣೆ ದಾಟುವವರೆಗೂ ಕ್ಯಾಮೆರಾ ತೊಡೆಯ ಮೇಲೇ ಇತ್ತು. ಆಮೇಲೆ ಲಿವರ್ ಎಳೆದು ನೋಡಿದೆ. ಅರ್ಧಕ್ಕೆ ಬಂದು ಗಟ್ಟಿಯಾಗಿ ನಿಂತಿತು.